ಮಕ್ಕಳ ಹಾಡು, ಹೆತ್ತವರ ಪಾಡು

ದಸರೆಯ ರಜೆ ಮುಗಿದು ಶಾಲೆಯ ಗಂಟೆ ಮತ್ತೆ ಬಾರಿಸಿತೆಂದರೆ ಸಾಕು, ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಮನೆಗಳಲ್ಲಿ ಗೋಡೆಯ ಕ್ಯಾಲೆಂಡರಿನ ಮೇಲೆ ಗುರುತು ಬೀಳತೊಡಗುತ್ತದೆ. ನವೆಂಬರ್ 1ಕ್ಕೆ ರಾಜ್ಯೋತ್ಸವ. 14ಕ್ಕೆ ಮಕ್ಕಳ ದಿನಾಚರಣೆ. ಅದರ ಹಿಂದೆಮುಂದೆಯೇ ಪ್ರತಿಭಾ ಕಾರಂಜಿ. ಡಿಸೆಂಬರಿನಲ್ಲಿ ಶಾಲಾ ವಾರ್ಷಿಕೋತ್ಸವ, ಪ್ರವಾಸ. ಜನವರಿಯಲ್ಲಿ ಸಂಕ್ರಾಂತಿ, ಗಣರಾಜ್ಯೋತ್ಸವ. ಮಕ್ಕಳಿಗೆ ಇದು ಸಂಭ್ರಮದ ಕಾಲ. ಹೆತ್ತವರಿಗೆ? ಅವರ ಲೆಕ್ಕದಲ್ಲಿ ಇದೇ ಮೂರು ತಿಂಗಳಿಗೆ ಬೇರೆಯೇ ಹೆಸರಿದೆ: ಸುಗ್ಗಿ.

ಭದ್ರಾ ನಾಲೆಯ ನೀರುಂಡ ಹೊನ್ನಾಳಿ, ಚನ್ನಗಿರಿಯ ಗದ್ದೆಗಳಲ್ಲಿ ಭತ್ತ ಕೊಯ್ಲಿಗೆ ಬಂದಿರುತ್ತದೆ. ಚನ್ನಗಿರಿಯ ತೋಟಗಳಲ್ಲಿ ಅಡಿಕೆ ಕೊನೆ ಇಳಿಸುವ, ಸುಲಿಯುವ, ಬೇಯಿಸಿ ಒಣಗಿಸುವ ಕೆಲಸ ಇನ್ನೂ ಮುಗಿದಿರುವುದಿಲ್ಲ. ಹೆಚ್ಚಾಗಿ ಮಳೆಯನ್ನೇ ನಂಬಿದ ಜಗಳೂರಿನಲ್ಲಿ ಮೆಕ್ಕೆಜೋಳದ ತೆನೆ ಮುರಿದು, ಕಾಳು ಬಿಡಿಸಿ, ಡಾಂಬರು ರಸ್ತೆಯ ಅಂಚಿನಲ್ಲಿ ಹರವಿ ಒಣಗಿಸುವ ಕಾಲ. ಆಳು ಸಿಕ್ಕರೆ ಸಿಕ್ಕರು, ಇಲ್ಲದಿದ್ದರೆ ಮನೆಮಂದಿಯೇ ಆಳು. ಇಂಥ ಹೊತ್ತಿನಲ್ಲಿ ಮಗಳು ಬಂದು, "ಅಮ್ಮಾ, ನಾಳೆ ಏಳೂವರೆಗೇ ಪ್ರಾಕ್ಟೀಸಂತೆ, ತಡ ಮಾಡ್ಬೇಡ ಅಂದಿದಾರೆ ಮೇಷ್ಟ್ರು" ಎಂದರೆ ತಾಯಿಯ ತಲೆಯೊಳಗೆ ಮೊದಲು ಏಳುವ ಪ್ರಶ್ನೆ ಹಾಡಿನದಲ್ಲ, ಬೆಳಗಿನ ರೊಟ್ಟಿಯದು.

ಒಂದು ಸಾಧಾರಣ ಮನೆಯನ್ನು ಊಹಿಸಿಕೊಳ್ಳಿ. ಮಗಳು ಒಂಬತ್ತನೆಯ ತರಗತಿ, ಮಗ ಐದನೆಯದು. ಮಗನದು ಛದ್ಮವೇಷ, ಅವನಿಗೆ ಪೇಟ, ಕಚ್ಚೆಪಂಚೆ, ಬಣ್ಣದ ಮೀಸೆ. ಮಗಳದು ಸಮೂಹ ಗಾಯನ. ಅವಳಿಗೆ ಹಳದಿ ಸೀರೆ, ಕೆಂಪು ರವಿಕೆ, ಎರಡು ಮೊಳ ಹೂವು. ಚಳಿ ಬಿದ್ದಾಗ ಹೂವಿನ ಬೆಲೆ ಏರುವುದನ್ನು ಸಂತೆಗೆ ಹೋಗುವವರೇ ಬಲ್ಲರು. ಹಳದಿ ಸೀರೆ ಅತ್ತಿಗೆಯ ಮನೆಯಲ್ಲಿದೆ, ಅದು ಪಕ್ಕದೂರು. ಮೊದಲೆಲ್ಲ ಚೀಟಿಯಲ್ಲಿ ಬರೆದು ಕಳಿಸುತ್ತಿದ್ದ ಪಟ್ಟಿ ಈಗ ರಾತ್ರಿ ಒಂಬತ್ತಕ್ಕೆ ವಾಟ್ಸ್ಆ್ಯಪಿನಲ್ಲಿ ಬಂದು ಬೀಳುತ್ತದೆ. ಅಷ್ಟೇ ವ್ಯತ್ಯಾಸ. ಅಂಗಡಿ ಮುಚ್ಚಿದ ಮೇಲೆ ಬರುವುದು ಮಾತ್ರ ಆಗಲೂ ಇತ್ತು, ಈಗಲೂ ಇದೆ.

ಇನ್ನು ಓಡಾಟ. ಪ್ರತಿಭಾ ಕಾರಂಜಿಯದು ಮೆಟ್ಟಿಲು ಮೆಟ್ಟಿಲಾದ ಏರ್ಪಾಡು: ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯ. ಮಗು ಗೆದ್ದಷ್ಟೂ ಬಸ್ಸಿನ ದಾರಿ ಉದ್ದವಾಗುತ್ತದೆ. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ಅಲ್ಲಿಯವರೆಗೆ ಚನ್ನಗಿರಿ, ಹೊನ್ನಾಳಿಯವರಿಗೆ ಜಿಲ್ಲಾಕೇಂದ್ರವೆಂದರೆ ಶಿವಮೊಗ್ಗ, ಜಗಳೂರಿನವರಿಗೆ ಚಿತ್ರದುರ್ಗ. ನ್ಯಾಮತಿಯಂತೂ ಹೊನ್ನಾಳಿ ತಾಲ್ಲೂಕಿನೊಳಗೇ ಇದ್ದು, 2017-18ರಲ್ಲಿ ಹೊಸ ತಾಲ್ಲೂಕುಗಳು ರಚನೆಯಾದಾಗ ಬೇರೆಯಾಯಿತು. ಆ ಊರಿಗೆ ಇಂದಿಗೂ ಶಿವಮೊಗ್ಗವೇ ಹತ್ತಿರ. ಆದರೂ ಜಿಲ್ಲಾ ಮಟ್ಟಕ್ಕೆ ಆಯ್ಕೆಯಾದ ಮಗು ಹೊನ್ನಾಳಿ ದಾಟಿ ದಾವಣಗೆರೆಯ ಕಡೆಗೇ ಹೋಗಬೇಕು. ನಾಲ್ಕೂ ಊರುಗಳಿಗೆ ರೈಲಿಲ್ಲ. ಬೆಳಗಿನ ಬಸ್ಸು ತಪ್ಪಿದರೆ ವರ್ಷದ ಅಭ್ಯಾಸವೇ ತಪ್ಪಿದಂತೆ.

ಇಷ್ಟೆಲ್ಲ ಪಾಡುಪಟ್ಟ ಹೆತ್ತವರು ಪ್ರತಿಯಾಗಿ ಒಂದು ಪ್ರಮಾಣಪತ್ರ ಬಯಸಿದರೆ ತಪ್ಪೇನೂ ಇಲ್ಲ. ತೊಡಕು ಇರುವುದೂ ಅಲ್ಲಿಯೇ. ಕಂಠಪಾಠ, ಅಭಿನಯ ಗೀತೆ, ಭಕ್ತಿಗೀತೆ, ಆಶುಭಾಷಣ ಎಂದು ಪಟ್ಟಿಯಲ್ಲಿ ಒಬ್ಬೊಬ್ಬರೇ ನಿಲ್ಲುವ ಸ್ಪರ್ಧೆಗಳೇ ಹೆಚ್ಚು. ಗುಂಪಿನವು ಕವ್ವಾಲಿ, ಜಾನಪದ ನೃತ್ಯ, ಹೀಗೆ ಬೆರಳೆಣಿಕೆ. ಹತ್ತು ಜನರ ಗುಂಪಿನಲ್ಲಿ ಎರಡನೆಯ ಸಾಲಿನ ಮೂರನೆಯ ಹುಡುಗಿಯಾಗಿ ನಿಲ್ಲುವ ಮಗಳಿಗಾಗಿ ಒಂದು ದಿನದ ಕೂಲಿ ಬಿಡಬೇಕೆ? "ನಿನ್ನ ದನಿ ಯಾರಿಗೆ ಕೇಳ್ಸುತ್ತೆ, ಒಬ್ಬಳೇ ಹಾಡೋದಕ್ಕೆ ಹೆಸರು ಕೊಡು" ಎನ್ನುವ ಅಪ್ಪಂದಿರು ಕಡಿಮೆಯಿಲ್ಲ.

ಆದರೆ ಈ ಸೀಮೆಯಲ್ಲಿ ಒಟ್ಟಾಗಿ ಹಾಡುವುದನ್ನು ಮಕ್ಕಳಿಗೆ ಶಾಲೆಯೇ ಮೊದಲು ಕಲಿಸಿತೆಂದು ತಿಳಿದರೆ ಅದು ತಪ್ಪು. ಲಂಬಾಣಿ ತಾಂಡಾಗಳಲ್ಲಿ ದೀಪಾವಳಿಯ ಅಮಾವಾಸ್ಯೆಯ ಸಂಜೆ ಮದುವೆಯಾಗದ ಹೆಣ್ಣುಮಕ್ಕಳು ದೀಪ ಹಿಡಿದು ಮನೆಯಿಂದ ಮನೆಗೆ ಹೋಗಿ 'ಮೇರಾ' ಹಾಡುತ್ತಾರೆ. ಮನೆಯ ಹಿರಿಯರಿಗೆ ಒಳಿತು ಕೋರುತ್ತಾರೆ, ಹಿರಿಯರು ಕಾಸು ಕೊಟ್ಟು ಹರಸುತ್ತಾರೆ. ಅಲ್ಲಿ ಮೊದಲ ಬಹುಮಾನವೂ ಇಲ್ಲ, ಸಮಾಧಾನಕರ ಬಹುಮಾನವೂ ಇಲ್ಲ. ಬಂಜಾರರ ಆರಾಧ್ಯ ಸಂತ ಸೇವಾಲಾಲರ ಜನ್ಮಸ್ಥಳವೆಂದು ನಂಬಲಾದ ಸೂರಗೊಂಡನಕೊಪ್ಪ ಇರುವುದು ನ್ಯಾಮತಿ ತಾಲ್ಲೂಕಿನಲ್ಲೇ. ಫೆಬ್ರವರಿಯ ನಡುವಿನಲ್ಲಿ ನಡೆಯುವ ಜಯಂತಿಗೆ ರಾಜ್ಯದ ಆಚೆಯಿಂದಲೂ ಭಕ್ತರು ಬರುತ್ತಾರೆ. ಆ ದಿನಗಳಲ್ಲಿ ಅಲ್ಲಿ ಹಾಡಿಗೆ ಬಿಡುವಿರುವುದಿಲ್ಲ.

ಸೋಬಾನೆ ಪದಗಳದೂ ಇದೇ ಬಗೆ. ಇಬ್ಬರು ಸಾಲು ಎತ್ತಿಕೊಟ್ಟರೆ ಉಳಿದವರು ಅದನ್ನೇ ಹಿಡಿದು ಮರಳಿ ಹೇಳುತ್ತಾರೆ. ಒಂದು ಗುಂಪು ಹಾಡುವಾಗ ಇನ್ನೊಂದು ಗುಂಪು ಉಸಿರು ಕೂಡಿಸಿಕೊಳ್ಳುತ್ತದೆ. ರಾತ್ರಿಯಿಡೀ ಹಾಡಿದರೂ ಗಂಟಲು ಸೋಲದಿರುವುದಕ್ಕೆ ಇದೂ ಒಂದು ಕಾರಣ. ಶಾಲೆಯ ಗೇಟಿನ ಆಚೆ ಸೆರಗು ಹೊದ್ದು ಮಗಳಿಗಾಗಿ ಕಾಯುತ್ತ ನಿಂತ ತಾಯಿ, ಕೇಳಿದರೆ, "ನಮಗೆಲ್ಲಿ ಬರುತ್ತೆ ಸಂಗೀತ" ಎಂದಾಳು. ಹತ್ತಾರು ಮದುವೆಮನೆಗಳಲ್ಲಿ ಸೋಬಾನೆ ಹೇಳಿದವಳು ಅವಳೇ ಆಗಿರಲೂ ಸಾಕು! ಅವಳನ್ನು ಒಳಗೆ ಕರೆದು ಒಂದು ಪದ ಹೇಳಿಸುವ ಮೇಷ್ಟ್ರು ಸಿಕ್ಕರೆ ಗುಂಪಿನ ಅರ್ಧ ಪಾಠ ಅಲ್ಲೇ ಮುಗಿಯುತ್ತದೆ.

ಅಂಥ ಮೇಷ್ಟ್ರು ಬೇಕೇ ಬೇಕು. ಏಕೆಂದರೆ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಸಂಗೀತಕ್ಕೆಂದೇ ಶಿಕ್ಷಕರು ಇರುವುದು ಅಪರೂಪ. ಕನ್ನಡ ಮೇಷ್ಟ್ರೋ ದೈಹಿಕ ಶಿಕ್ಷಕರೋ ಆ ಹೊರೆ ಹೊರುತ್ತಾರೆ. 1980ರ ದಶಕದಲ್ಲಿ ಎನ್.ಸಿ.ಇ.ಆರ್.ಟಿ. ಶಾಲೆಗಳಲ್ಲಿ ಸಮೂಹ ಗಾಯನ ಬೆಳೆಸಲು ಶಿಕ್ಷಕರಿಗೆ ತರಬೇತಿ ಕೊಟ್ಟು, ದೇಶದ ಬೇರೆ ಬೇರೆ ಭಾಷೆಗಳ ಹಾಡುಗಳನ್ನು ಕಲಿಸಿತ್ತು. ಈಗ ಮೊಬೈಲಿನಲ್ಲಿ ಹಾಡಿನ ಟ್ರ್ಯಾಕ್ ಸಿಗುತ್ತದೆ, ಸ್ಪೀಕರಿಗೆ ಸಿಕ್ಕಿಸಿದರೆ ಆಯಿತು ಎಂಬ ಧೈರ್ಯ. ಆ ಟ್ರ್ಯಾಕು ಯಾರೋ ಗಾಯಕರ ಶ್ರುತಿಗೆ ಹೊಂದಿಸಿದ್ದು, ನಮ್ಮ ಮಕ್ಕಳದ್ದಕ್ಕಲ್ಲ. ಮೇಲಿನ ಸಾಲು ಬಂದಾಗ ಅರ್ಧ ಮಕ್ಕಳು ಕಿರುಚುತ್ತಾರೆ, ಇನ್ನರ್ಧ ಬಾಯಿ ಆಡಿಸುತ್ತಾರೆ. ಮೊದಲು ಮಕ್ಕಳಿಗೆ ಆರಾಮವಾಗಿ ನಿಲುಕುವ ಶ್ರುತಿ ಹುಡುಕಿ, ಆಮೇಲೆ ಹಾಡು ಹಿಡಿಯುವುದೇ ಸರಿ. ಹಾರ್ಮೋನಿಯಂ ಇಲ್ಲದಿದ್ದರೆ ಶ್ರುತಿಯ ಆ್ಯಪ್ ಸಾಕು.

ಎಂಟು, ಒಂಬತ್ತನೆಯ ತರಗತಿಯ ಹುಡುಗರದು ಬೇರೆಯೇ ಕಥೆ. ಆ ವಯಸ್ಸಿನಲ್ಲಿ ಧ್ವನಿಪೆಟ್ಟಿಗೆ ಬೆಳೆದು ಧ್ವನಿತಂತುಗಳು ಉದ್ದ, ದಪ್ಪ ಆಗುತ್ತವೆ. ಹಾಗಾಗಿ ದನಿ ಸುಮಾರು ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಇಳಿಯುವ ತಿಂಗಳುಗಳಲ್ಲಿ ಅದು ಎಲ್ಲಿ ಒಡೆಯುತ್ತದೋ ಹೇಳಲಾಗದು. ಕಳೆದ ವರ್ಷ ಚೆನ್ನಾಗಿ ಹಾಡಿದ ಹುಡುಗ ಈ ವರ್ಷ ಅಪಸ್ವರ ಎಳೆದನೆಂದು ನಕ್ಕು ಹೊರಗೆ ಕಳಿಸಿದರೆ ಅವನು ಮುಂದೆಂದೂ ಬಾಯಿ ತೆರೆಯದೆ ಹೋಗಬಹುದು. ಕೆಳಸ್ಥಾಯಿಯಲ್ಲಿ ಹಾಡಲು ಬಿಡಬೇಕು, ಇಲ್ಲವೇ ಕೆಲವು ತಿಂಗಳು ತಾಳವೋ ದಮ್ಮಡಿಯೋ ಕೈಗೆ ಕೊಡಬೇಕು. ಒಬ್ಬನೇ ನಿಂತು ಹಾಡುವವನಿಗೆ ಈ ಅನುಕೂಲವಿಲ್ಲ. ಗುಂಪಿನಲ್ಲಿ ಮಾತ್ರ ಒಬ್ಬನ ದನಿ ಸೋತಾಗ ಪಕ್ಕದವನ ದನಿ ಹೊತ್ತು ದಾಟಿಸುತ್ತದೆ.

ನೆಗಡಿಯಂತೂ ಈ ಕಾಲದ ನೆಂಟ. ಬೆಳಗಿನ ಇಬ್ಬನಿ, ಒಕ್ಕಣೆಯ ದೂಳು, ಮೇಲೆ ಮೈದಾನದ ಕೂಗಾಟ. ಗಂಟಲು ಊದಿಕೊಂಡಾಗ ಒತ್ತಾಯಿಸಿ ಹಾಡಿಸಬಾರದು. ಎರಡು ದಿನ ಸುಮ್ಮನೆ ಕೂತು ಬಿಸಿನೀರು ಕುಡಿಯುತ್ತ, ಬೇರೆಯವರು ಹಾಡುವುದನ್ನು ಕೇಳಿಸಿಕೊಂಡರೂ ಅದು ಅಭ್ಯಾಸವೇ.

ನಾಡಗೀತೆಯ ಒಂದು ಗೊಂದಲವೂ ಇತ್ತು. ಕುವೆಂಪು ಅವರ 'ಜಯ ಭಾರತ ಜನನಿಯ ತನುಜಾತೆ' 2004ರಲ್ಲಿ ನಾಡಗೀತೆಯಾದರೂ ಹಾಡುವ ಧಾಟಿ ಒಂದೇ ಇರಲಿಲ್ಲ. ಮೈಸೂರು ಅನಂತಸ್ವಾಮಿ ಅವರದು ಕೆಲವೆಡೆ, ಸಿ. ಅಶ್ವತ್ಥ್ ಅವರದು ಕೆಲವೆಡೆ. ಎರಡು ಶಾಲೆಯ ಮಕ್ಕಳನ್ನು ಒಂದೇ ವೇದಿಕೆಯಲ್ಲಿ ನಿಲ್ಲಿಸಿದರೆ ಧಾಟಿಗಳು ಡಿಕ್ಕಿ ಹೊಡೆಯುವ ಭಯ. 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಅನಂತಸ್ವಾಮಿ ಅವರ ಧಾಟಿಯನ್ನೂ ಎರಡೂವರೆ ನಿಮಿಷದ ಅವಧಿಯನ್ನೂ ನಿಗದಿ ಮಾಡಿತು. ಅದೇ ವರ್ಷ ಅಕ್ಟೋಬರ್ 28ರಂದು ರಾಜ್ಯದಾದ್ಯಂತ ನಡೆದ 'ಕೋಟಿ ಕಂಠ ಗಾಯನ'ದಲ್ಲಿ ಶಾಲೆಯ ಅಂಗಳಗಳೂ ಒಂದೇ ಹೊತ್ತಿಗೆ ಹಾಡಿದವು.

ಅಂದು ಹಾಡಿದ ಗೀತೆಗಳಲ್ಲಿ ಹುಯಿಲಗೋಳ ನಾರಾಯಣರಾಯರ 'ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು' ಕೂಡ ಒಂದು. ಆ ಹಾಡು ಮೊಳಗಿದ್ದು ಇನ್ನೊಂದು ಚಳಿಗಾಲದಲ್ಲಿ, 1924ರ ಡಿಸೆಂಬರಿನಲ್ಲಿ, ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ. ಆ ಅಧಿವೇಶನದ ಸ್ವಾಗತ ಗೀತೆಗೆ ದನಿಗೂಡಿಸಿದ ಬಾಲಕಿಯರಲ್ಲಿ ಹನ್ನೊಂದರ ಹರೆಯದ ಗಂಗೂಬಾಯಿ ಹಾನಗಲ್ ಇದ್ದರು. ಅವರ ತಾಯಿ ಅಂಬಾಬಾಯಿ ಸ್ವತಃ ಕರ್ನಾಟಕ ಸಂಗೀತದ ಗಾಯಕಿ. ಮಗಳ ಹಿಂದೂಸ್ತಾನಿ ಕಲಿಕೆಗೆ ತನ್ನ ಹಾಡು ಅಡ್ಡಿಯಾಗದಿರಲೆಂದು ಅವರು ಹಾಡುವುದನ್ನೇ ನಿಲ್ಲಿಸಿದರು. ಮಗಳ ಕಲಿಕೆಗಾಗಿಯೇ ಧಾರವಾಡ ಬಿಟ್ಟು ಹುಬ್ಬಳ್ಳಿಗೆ ಬಂದರು. ಗಂಗೂಬಾಯಿ ಹೆಸರಾದ ಮೇಲೆ ಈ ಸಂಗತಿ ಜನರಿಗೆ ಗೊತ್ತಾಯಿತು. ಹೆಸರಾಗದ ಮಕ್ಕಳ ತಾಯಂದಿರು ಏನೇನು ನಿಲ್ಲಿಸಿದರೋ ಯಾರೂ ಬರೆದಿಟ್ಟಿಲ್ಲ.

ಎಲ್ಲ ಮನೆಗಳಿಗೂ ಇದು ಸಾಧ್ಯವಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಜಗಳೂರು ಕಡೆಯ ಹಟ್ಟಿ, ತಾಂಡಾಗಳಿಂದ ಕಾಫಿ ಕೊಯ್ಲಿಗೆ ಮಲೆನಾಡಿಗೆ ಗುಳೆ ಹೋಗುವವರಿದ್ದಾರೆ. ಡಿಸೆಂಬರಿನಲ್ಲಿ ಅಪ್ಪ ಅಮ್ಮ ಗಂಟು ಕಟ್ಟಿದಾಗ ಮಗು ಅಜ್ಜಿಯ ಬಳಿ ಉಳಿದರೆ ಗುಂಪಿನಲ್ಲೂ ಉಳಿಯಿತು. ಅಜ್ಜಿ ಇಲ್ಲದಿದ್ದರೆ ಸಾಲಿನಲ್ಲಿ ಒಂದು ಜಾಗ ಖಾಲಿ. ಹಾಡು ನಿಲ್ಲುವುದಿಲ್ಲ ನಿಜ. ಆದರೆ ಆ ಮಗುವಿನ ದನಿಯನ್ನೇ ಆಸರೆ ಮಾಡಿಕೊಂಡು ಹಾಡುತ್ತಿದ್ದ ಪಕ್ಕದ ಹುಡುಗಿ ಒಂದು ವಾರ ತಡವರಿಸುತ್ತಾಳೆ.

ಎಸ್ಸೆಸ್ಸೆಲ್ಸಿ ಮಕ್ಕಳ ಮನೆಯಲ್ಲಿ ಇನ್ನೊಂದು ಜಗಳ. "ಈ ವರ್ಷ ಹಾಡು ಗೀಡು ಬೇಡ, ಓದ್ಕೋ" ಎಂಬ ಮಾತು ಬರುವುದು ಸಾಮಾನ್ಯವಾಗಿ ಜನವರಿಯಲ್ಲಿ, ವಿಶೇಷ ತರಗತಿಗಳು ಶುರುವಾದಾಗ. ಹೆತ್ತವರ ಆತಂಕ ಸುಳ್ಳಲ್ಲ. ಆದರೆ ವಾರಕ್ಕೆ ಮೂರು ದಿನ, ಅರ್ಧ ಗಂಟೆಯ ಹಾಡಿನಿಂದ ಯಾವ ಲೆಕ್ಕದ ಅಧ್ಯಾಯವೂ ಬಾಕಿ ಉಳಿಯದು. ಮೊಬೈಲಿನ ಅರ್ಧ ಗಂಟೆಗೆ ಯಾರೂ ಇಷ್ಟು ಬಿಗಿಯಾಗಿ ಲೆಕ್ಕ ಕೇಳುವುದಿಲ್ಲವಲ್ಲ! ಓದಿಗಾಗಿ ಏನನ್ನಾದರೂ ಬಿಡಲೇಬೇಕಾದರೆ ದೂರದ ಸ್ಪರ್ಧೆಗಳನ್ನು ಬಿಡಿಸಿ, ಸೀರೆ ಮೇಕಪ್ಪುಗಳ ಗದ್ದಲ ಬಿಡಿಸಿ, ಶಾಲೆಯೊಳಗಿನ ಗುಂಪಿನ ಹಾಡನ್ನು ಉಳಿಸಿಕೊಳ್ಳಬಹುದು. ಯಾವ ಉಡುಪು ಯಾವಾಗ ಬೇಕು ಎಂಬ ಪಟ್ಟಿಯನ್ನು ಶಾಲೆಗಳು ಒಂದು ವಾರ ಮೊದಲೇ, ಸಂತೆಯ ದಿನಕ್ಕೆ ಮುಂಚೆ, ಕಳಿಸಿದರೆ ಅರ್ಧ ರಾದ್ಧಾಂತ ತಪ್ಪುತ್ತದೆ. ಸಮವಸ್ತ್ರದಲ್ಲೇ ಹಾಡಿಸಿದರೆ ಉಳಿದರ್ಧವೂ.

ಇಷ್ಟಾದರೂ ಜನವರಿ 25ರ ರಾತ್ರಿ ಯಾವ ಮನೆಯಲ್ಲೂ ಬೇಗ ದೀಪ ಆರುವುದಿಲ್ಲ. ಬೆಳಿಗ್ಗೆ ಏಳಕ್ಕೆ ಮಕ್ಕಳು ಶಾಲೆಯಲ್ಲಿರಬೇಕು, ಅಲ್ಲಿಂದ ಸಾಲಾಗಿ ತಾಲ್ಲೂಕು ಮೈದಾನಕ್ಕೆ. ಮಗಳು ಒಳಕೋಣೆಯಲ್ಲಿ ಹಾಡಿನ ಎರಡನೆಯ ಚರಣ ಮರೆಯುತ್ತ, ನೆನೆಯುತ್ತ ಇದ್ದಾಳೆ. ಮಗ ನಿದ್ದೆ ಹೋಗಿದ್ದಾನೆ. ಸಂಜೆ ಒಗೆದು ಹಾಕಿದ ಬಿಳಿ ಸಾಕ್ಸು ಇಬ್ಬನಿಗೆ ಇನ್ನೂ ಒಣಗಿಲ್ಲ. ತಾಯಿ ಅದನ್ನು ತಂದು ಬಚ್ಚಲೊಲೆಯ ಪಕ್ಕದ ಕಲ್ಲಿನ ಮೇಲೆ ಹರವಿ, ಮೇಲುದನಿಯಲ್ಲಿ ಆ ಚರಣ ಎತ್ತಿಕೊಡುತ್ತಾಳೆ. ತಿಂಗಳಿಡೀ ಗೇಟಿನ ಹೊರಗೆ ನಿಂತು ಕೇಳಿದ್ದಲ್ಲವೇ, ಅವಳಿಗೆ ಪೂರ್ತಿ ಬಾಯಿಪಾಠವಾಗಿದೆ.