ಕದ್ದ ಸೋಪಿನ ಬಿಲ್ಲು ಯಾರ ಹೆಸರಿಗೆ?

ನಿಡಸೋಸಿಯ ನಮಗೆ ಪೇಟೆ ಎಂದರೆ ಸಂಕೇಶ್ವರ. ಕಳೆದ ತಿಂಗಳು ಅಲ್ಲಿನ ಒಂದು ಸೂಪರ್ ಮಾರ್ಕೆಟಿನಲ್ಲಿ ಬಿಲ್ಲಿಗಾಗಿ ಪಾಳಿ ಹಚ್ಚಿ ನಿಂತಿದ್ದೆ. ಬಾಗಿಲ ಹತ್ತಿರ ಗದ್ದಲವಾಯಿತು. ಚೆಂದದ ಜಾಕೆಟ್ ತೊಟ್ಟ ಹುಡುಗನೊಬ್ಬನ ಒಳಜೇಬಿನಿಂದ ಎರಡು ಸೋಪು, ಒಂದು ಸೆಂಟಿನ ಬಾಟಲಿ ಹೊರಬಂದವು. ನನ್ನ ಹಿಂದೆ ನಿಂತಿದ್ದ ನಿವೃತ್ತ ಮಾಸ್ತರರು, "ಹೋಗ್ಲಿ ಬಿಡ್ರಿ. ಎರಡ ಸೋಪ ಹೋದ್ರ ಇಷ್ಟ ದೊಡ್ಡ ಅಂಗಡಿ ಮುಳಗತೈತೇನು? ಅವ್ರಿಗೆ ಇನ್ಶೂರನ್ಸ್ ಇರತೈತಿ" ಅಂದರು. ಪಾಳಿಯಲ್ಲಿದ್ದವರೆಲ್ಲ ಹೌದೌದು ಎಂದು ಗೋಣು ಹಾಕಿದರು. ಇವರೇ ಕಿರಾಣಿ ಅಂಗಡಿಯಲ್ಲಿ ಸಕ್ಕರೆ ಹತ್ತು ಗ್ರಾಂ ಕಡಿಮೆ ಬಂದರೆ ತಕ್ಕಡಿಯನ್ನೇ ಬೋರಲು ಮಾಡಿ ನೋಡುವವರು!

ಅಲ್ಲಿ ವಾದ ಮಾಡಲಿಲ್ಲ. ಮಾಸ್ತರರಿಗೆ ಎದುರುತ್ತರ ಕೊಟ್ಟು ರೂಢಿಯಿಲ್ಲ. ಆ ಬಾಕಿಯನ್ನು ಇಲ್ಲಿ ತೀರಿಸುತ್ತೇನೆ.

ಮೊದಲು ಇನ್ಶೂರನ್ಸ್. ಅಂಗಡಿಗಳು ಕೊಳ್ಳುವ ಕಳವಿನ ವಿಮೆ ಸಾಮಾನ್ಯವಾಗಿ ಬೀಗ ಮುರಿದು, ಗೋಡೆ ಒಡೆದು, ಬಲಪ್ರಯೋಗ ಮಾಡಿ ನಡೆದ ಕಳ್ಳತನಕ್ಕೆ ಮಾತ್ರ. ಹಗಲು ಹೊತ್ತಿನಲ್ಲಿ ಬಾಗಿಲಿನಿಂದಲೇ ಬಂದು, "ನಮಸ್ಕಾರ್ರೀ" ಅಂದು, ಸೋಪನ್ನು ಜೇಬಿಗಿಳಿಸಿದವನು ಆ ಲೆಕ್ಕಕ್ಕೆ ಬರುವುದಿಲ್ಲ. ಹರ್‌ಚಂದ್ ರಾಯ್ ಚಂದನ್ ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2004ರಲ್ಲಿಯೇ ಇದನ್ನು ಹೇಳಿ ಮುಗಿಸಿದೆ: ಪಾಲಿಸಿಯಲ್ಲಿ ಬಲಪ್ರಯೋಗ ಎಂದು ಬರೆದಿದ್ದರೆ, ಬಲಪ್ರಯೋಗವಿಲ್ಲದ ಕಳವಿಗೆ ವಿಮಾ ಕಂಪನಿ ದುಡ್ಡು ಕೊಡಬೇಕಿಲ್ಲ. ವರ್ಷದ ಕೊನೆಗೆ ಮಾಲು ಎಣಿಸಿದಾಗ ತಾಳೆಯಾಗದ ಕೊರತೆಗಂತೂ ಯಾವ ವಿಮೆಯವರೂ ಕಿವಿಗೊಡುವುದಿಲ್ಲ.

ಇನ್ನು ಸರಕಾರವಾದರೂ ಕೈ ಹಿಡಿಯುತ್ತದೆಯೇ? ತದ್ವಿರುದ್ಧ. ಜಿಎಸ್‌ಟಿ ಕಾಯ್ದೆಯ 17(5)ನೇ ಕಲಮಿನ ಪ್ರಕಾರ, ಕಳುವಾದ ಮಾಲಿನ ಖರೀದಿಗೆ ಕಟ್ಟಿದ ತೆರಿಗೆಯನ್ನು ವ್ಯಾಪಾರಿ ಜಮಾ ಹಿಡಿದುಕೊಳ್ಳುವಂತಿಲ್ಲ. ಮೊದಲೇ ಹಿಡಿದಿದ್ದರೆ ತಿರುಗಿಸಬೇಕು. ಅಂದರೆ ಸೋಪೂ ಹೋಯಿತು, ಸೋಪಿನ ಮೇಲಿನ ತೆರಿಗೆಯೂ ಹೋಯಿತು.

ಮಾಸ್ತರರು ಗಣಿತ ಕಲಿಸಿದವರು, ಈ ಲೆಕ್ಕ ಅವರಿಗೆ. 40 ರೂಪಾಯಿಯ ಸೋಪು ಅಂಗಡಿಗೆ ಬಂದು ಬಿದ್ದದ್ದು 36ಕ್ಕೆ ಎಂದಿಟ್ಟುಕೊಳ್ಳೋಣ. ಉಳಿದ ನಾಲ್ಕರಲ್ಲಿ ಬಾಡಿಗೆ, ಕರೆಂಟು, ಪಗಾರ ಕಳೆದು ಎರಡು ರೂಪಾಯಿ ಗಲ್ಲಾಪೆಟ್ಟಿಗೆಯಲ್ಲಿ ನಿಂತರೆ ಪುಣ್ಯ. ಒಂದು ಸೋಪು ತುಡುಗಾದರೆ ಆ 36 ರೂಪಾಯಿ ಮರಳಿ ಬರಲು ಇನ್ನು 18 ಸೋಪು ಮಾರಬೇಕು. ಅಷ್ಟಾದ ಮೇಲೂ ಗಳಿಕೆ ಸೊನ್ನೆ. ಹದಿನೆಂಟು ಪ್ರಾಮಾಣಿಕ ಗಿರಾಕಿಗಳು ಸೇರಿ ಒಬ್ಬ ತುಡುಗನಿಗೆ ಸ್ನಾನ ಮಾಡಿಸಿದಂತಾಯಿತು.

ಹಾಗಾದರೆ ಸೋಪಿನ ಬೆಲೆ ಏರುತ್ತದೆಯೇ? ಅಮೆರಿಕದ ಲೇಖನಗಳನ್ನು ಓದಿ "ಕಳ್ಳತನದಿಂದ ಎಲ್ಲದರ ಬೆಲೆ ಏರುತ್ತದೆ" ಎನ್ನುವವರು ಎಡವುವುದು ಇಲ್ಲೇ. ನಮ್ಮಲ್ಲಿ ಪೊಟ್ಟಣದ ಮೇಲೆ ಎಂಆರ್‌ಪಿ ಅಚ್ಚಾಗಿರುತ್ತದೆ, ಅದಕ್ಕಿಂತ ಒಂದು ಪೈಸೆ ಹೆಚ್ಚು ಕೇಳುವಂತಿಲ್ಲ. ಸೋಪಿನ ನಷ್ಟವನ್ನು ಸೋಪಿನಲ್ಲಿ ತುಂಬಿಕೊಳ್ಳಲು ದಾರಿಯಿಲ್ಲ. ಅದು ಹೊರಡುವುದು ಬೇರೆ ಬಾಗಿಲಿನಿಂದ. ಹಬ್ಬಕ್ಕೆ ಎಂಆರ್‌ಪಿ ಮೇಲೆ ಬಿಡುತ್ತಿದ್ದ ಹತ್ತು ರೂಪಾಯಿ ಐದಕ್ಕಿಳಿಯುತ್ತದೆ. ಅಂಗಡಿಯವರೇ ಪೊಟ್ಟಣ ಕಟ್ಟಿ ಬೆಲೆ ಹಚ್ಚುವ ತೊಗರಿಬೇಳೆ, ಶೇಂಗಾ, ಬೆಲ್ಲ, ಒಣಮೆಣಸಿನಕಾಯಿಗೆ ಕಿಲೋಕ್ಕೆ ಎರಡು ರೂಪಾಯಿ ಏರುತ್ತದೆ. ತುಡುಗಾದದ್ದು ಸೋಪು, ತುಟ್ಟಿಯಾದದ್ದು ಬೇಳೆ. ಮನೆಗೆ ಹೋಗಿ "ಬ್ಯಾಳಿ ಭಾಳ ತುಟ್ಟಿ ಆಗೇತಿ" ಎಂದು ಮೋದಿಗೋ ಸಿದ್ದರಾಮಯ್ಯನವರಿಗೋ ಬೈಯುವಾಗ, ಆ ಎರಡು ರೂಪಾಯಿಯಲ್ಲಿ ತಮ್ಮ "ಹೋಗ್ಲಿ ಬಿಡ್ರಿ"ಯ ಪಾಲೂ ಇದೆ ಎಂದು ಮಾಸ್ತರರಿಗೆ ಹೊಳೆಯುವುದಿಲ್ಲ.

ಎಲ್ಲರಿಗಿಂತ ಹೆಚ್ಚು ತೆರುವವಳು ಮಾತ್ರ ಗಿರಾಕಿಯೂ ಅಲ್ಲ, ಮಾಲಕನೂ ಅಲ್ಲ. ಸುತ್ತಲಿನ ಹಳ್ಳಿಯಿಂದ ಬಸ್ಸು ಹಿಡಿದು ಬಂದು, ಬೆಳಗಿನಿಂದ ಸಂಜೆತನಕ ರ‍್ಯಾಕಿನ ಮುಂದೆ ನಿಲ್ಲುವ ಹುಡುಗಿ. ಸ್ಟಾಕು ತಾಳೆಯಾಗದಿದ್ದರೆ ಕೆಲವು ಅಂಗಡಿಗಳಲ್ಲಿ ಅವಳ ಪಗಾರ ಮುರಿಯುತ್ತಾರೆ. ಹಾಗೆ ಸುಮ್ಮನೆ ಮುರಿಯುವಂತಿಲ್ಲ: ಮಾಲು ಅವಳ ವಶಕ್ಕೇ ಒಪ್ಪಿಸಿದ್ದಾಗಿರಬೇಕು, ಅವಳ ನಿರ್ಲಕ್ಷ್ಯದಿಂದಲೇ ಹೋಗಿರಬೇಕು, ತನ್ನ ಮಾತು ಹೇಳಲು ಅವಳಿಗೆ ಅವಕಾಶ ಸಿಗಬೇಕು. ಇದು 1936ರ ವೇತನ ಪಾವತಿ ಕಾಯ್ದೆಯ ಕಾಲದಿಂದ ಬಂದ ನಿಯಮ. ಆದರೆ ಕಾಯ್ದೆ ಓದಿ ಹೇಳುವ ಧೈರ್ಯ ಆ ಪಗಾರಕ್ಕೆ ದುಡಿಯುವ ಹುಡುಗಿಗೆ ಎಲ್ಲಿಂದ ಬರಬೇಕು? "ದೊಡ್ಡ ಕಂಪನಿ"ಯಿಂದ ಕದ್ದೆ ಎಂದುಕೊಂಡವನು ಕೈಹಾಕಿದ್ದು ಅವಳ ಪರ್ಸಿಗೆ.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಬೇಕಿಲ್ಲ.

ಬಾಗಿಲು ದಾಟದಿದ್ದರೆ ಕಳ್ಳತನವಲ್ಲವಂತೆ: ನಮ್ಮ ಕಾನೂನಿಗೆ ಬಾಗಿಲಿನ ಹಂಗಿಲ್ಲ, ಲಪಟಾಯಿಸುವ ಉದ್ದೇಶದಿಂದ ವಸ್ತುವನ್ನು ಸರಿಸಿದರೇ ಸಾಕು. ಬಾಗಿಲಲ್ಲಿ ಗೇಟು ಕೂಗಿದರೆ ಕಳ್ಳನೇ ಅಂತೆ: ಕ್ಯಾಶಿನಲ್ಲಿದ್ದವರು ಟ್ಯಾಗು ತೆಗೆಯಲು ಮರೆತರೂ ಅದು ಅಷ್ಟೇ ಜೋರಾಗಿ ಕೂಗುತ್ತದೆ. ಸಿಕ್ಕವನನ್ನು ಕಂಬಕ್ಕೆ ಕಟ್ಟಿ ಬಡಿಯುವುದು ಅಂಗಡಿಯವರ ಹಕ್ಕಂತೆ: ಅದು ಇನ್ನೊಂದು ಅಪರಾಧ, ಕದ್ದ ಸೋಪಿಗಿಂತ ದೊಡ್ಡದು. ಸ್ಟಾಕಿನಲ್ಲಿ ಕಡಿಮೆ ಬಿದ್ದದ್ದೆಲ್ಲ ಗಿರಾಕಿಗಳ ತುಡುಗಂತೆ: ಎಣಿಕೆಯ ತಪ್ಪು, ಒಳಗಿನವರ ಕೈಚಳಕ, ಮಾಲು ಇಳಿಸುವವರ ಮೋಸ ಎಲ್ಲವೂ ಅದರಲ್ಲಿ ಸೇರಿರುತ್ತವೆ. ಅಮೆರಿಕದ ಚಿಲ್ಲರೆ ವ್ಯಾಪಾರಿಗಳ ರಾಷ್ಟ್ರೀಯ ಒಕ್ಕೂಟ, 2021ರ 9,450 ಕೋಟಿ ಡಾಲರ್ ಕೊರತೆಯಲ್ಲಿ ಹೆಚ್ಚುಕಡಿಮೆ ಅರ್ಧ ಸಂಘಟಿತ ಕಳ್ಳರ ಕೆಲಸ ಎಂದು ಡಂಗುರ ಹೊಡೆದು, 2023ರ ಡಿಸೆಂಬರಿನಲ್ಲಿ ಆ ಮಾತನ್ನು ತಾನೇ ಹಿಂದೆ ತೆಗೆದುಕೊಂಡಿತು. ಅಷ್ಟರಲ್ಲಿ ಜಗತ್ತೆಲ್ಲ ಅದನ್ನು ನಂಬಿಯಾಗಿತ್ತು.

ಒಂದು ನಂಬಿಕೆಯನ್ನು ಮಾತ್ರ ಹಾಗೇ ಬಿಡಲಾರೆ. ಕದಿಯುವವರ ಮುಖ ನೋಡಿದರೇ ಗೊತ್ತಾಗುತ್ತದಂತೆ. ಅಂದು ಸೋಪು ಸಿಕ್ಕಿದ್ದು ಚೆಂದದ ಜಾಕೆಟ್ಟಿನಲ್ಲಿ. ಆದರೆ ಅದಕ್ಕೆ ಸ್ವಲ್ಪ ಮುಂಚೆ ಬಾಗಿಲ ಕಾವಲುಗಾರ ಚೀಲ ಬಿಚ್ಚಿಸಿ ನೋಡಿದ್ದು ಅಲೆಮಾರಿ ಹೆಂಗಸೊಬ್ಬಳದ್ದು. ಅವಳು ಎರಡು ಬಿಸ್ಕೀಟು ಪುಡಿಕೆ ಕೊಂಡಿದ್ದಳು, ಬಿಲ್ಲು ಕೈಯಲ್ಲೇ ಹಿಡಿದಿದ್ದಳು. ಬ್ರಿಟಿಷರು 1871ರಲ್ಲಿ ಕಾಯ್ದೆ ಮಾಡಿ ಕೆಲವು ಸಮುದಾಯಗಳಿಗೆ ಹುಟ್ಟುಗಳ್ಳರೆಂದು ಮುದ್ರೆ ಒತ್ತಿದರು. ನಮ್ಮ ಹುಬ್ಬಳ್ಳಿ, ಗದಗಗಳಲ್ಲಿ ತಂತಿಬೇಲಿಯ ಸೆಟ್ಲಮೆಂಟುಗಳಲ್ಲಿ ಅವರನ್ನು ಕೂಡಿಹಾಕಿ, ದಿನವೂ ಹಾಜರಿ ಹಾಕಿಸಿದರು. ಆ ಕಾಯ್ದೆ 1952ರಲ್ಲಿ ರದ್ದಾಯಿತು. ನಮ್ಮ ಅಂಗಡಿಗಳ ಬಾಗಿಲಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ನಂಬುವುದರಲ್ಲಿ ನಮ್ಮದು ಇದೇ ಚಾಳಿ. ಯಾವುದನ್ನು ನಂಬಿದರೆ ನಮಗೆ ಖರ್ಚಿಲ್ಲವೋ ಅದನ್ನು ಥಟ್ಟನೆ ನಂಬುತ್ತೇವೆ. ಕಂಪನಿಗೆ ವಿಮೆಯಿದೆ ಎಂದು ನಂಬಿದರೆ ಸುಮ್ಮನಿರಬಹುದು, ಬಡವರೇ ಕಳ್ಳರು ಎಂದು ನಂಬಿದರೆ ನಮ್ಮ ಮನೆಯ ಹುಡುಗನ ಜೇಬು ನೋಡಬೇಕಿಲ್ಲ. ಇದೇ ಚಾಳಿ ವಾಟ್ಸ್‌ಆ್ಯಪ್ ಹತ್ತಿದಾಗ ಏನಾಗುತ್ತದೆ ಎಂಬುದನ್ನು 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಕಂಡೆವು. ಮಕ್ಕಳ ಕಳ್ಳರೆಂಬ ಗಾಳಿಮಾತಿಗೆ ಹೈದರಾಬಾದಿನ ತರುಣ ಎಂಜಿನಿಯರ್ ಒಬ್ಬ ಜನರ ಕೈಯಲ್ಲಿ ಸತ್ತ. ಸಿಸಿಟಿವಿಯ ತುಣುಕಿಗೆ "ಈ ಕಳ್ಳಿಯನ್ನು ಗುರುತಿಸಿ" ಎಂದು ಬರೆದು ಊರ ಗ್ರೂಪಿಗೆ ಹಾಕುವವರು ಅದನ್ನೊಮ್ಮೆ ನೆನೆಯಲಿ.

ಕಾನೂನು ನಮಗಿಂತ ಸಮಾಧಾನಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನಂತೆ, 5,000 ರೂಪಾಯಿಯೊಳಗಿನ ಮಾಲನ್ನು ಮೊದಲ ಸಲ ಕದ್ದವನು ಅದನ್ನು ಮರಳಿಸಿದರೆ ಶಿಕ್ಷೆ ಸಮುದಾಯ ಸೇವೆ. ಎರಡನೆಯ ಸಲವಾದರೆ ಕನಿಷ್ಠ ಒಂದು ವರ್ಷದ ಕಠಿಣ ಸಜೆ. ಬಡಿಯಿರಿ ಎಂದು ಅದು ಹೇಳುವುದಿಲ್ಲ, ಬಿಟ್ಟುಬಿಡಿ ಎಂದೂ ಹೇಳುವುದಿಲ್ಲ.

ಆದ್ದರಿಂದ ಮಾಸ್ತರ್ರೇ, ಮುಂದಿನ ಸಲ "ಹೋಗ್ಲಿ ಬಿಡ್ರಿ" ಅನ್ನುವ ಮೊದಲು ಕೈಯಲ್ಲಿರುವ ಬಿಲ್ಲಿನಲ್ಲಿ ಬೇಳೆಯ ಸಾಲು ನೋಡಿರಿ. ಆ ಹುಡುಗನ ಸೋಪು ಅಲ್ಲೇ ಐತಿ.