ಮೊಟ್ಟೆಯ ಹಿಂದಿನ ಹೊಗೆ

ಕೋಳಿ ಹಸುವಿನಂತೆ ಮೆಲುಕು ಹಾಕುವ ಪ್ರಾಣಿಯಲ್ಲ. ಅದರ ಹೊಟ್ಟೆಯಿಂದ ಹೊರಡುವ ಮೀಥೇನ್ ಲೆಕ್ಕಕ್ಕೆ ಹಿಡಿಯುವಷ್ಟೂ ಇಲ್ಲ. ಹೀಗಿದ್ದರೂ ಒಂದು ಕಿಲೋ ಮೊಟ್ಟೆಯ ಉತ್ಪಾದನೆಯಲ್ಲಿ, ಜಾಗತಿಕ ಸರಾಸರಿಯಂತೆ, ಸುಮಾರು 3.7 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಹಸಿರುಮನೆ ಅನಿಲಗಳು ವಾತಾವರಣ ಸೇರುತ್ತವೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಪ್ರಕಟಿಸಿದ ವರದಿಯ ಲೆಕ್ಕ ಇದು. ಕೋಳಿ ಬಿಡದ ಹೊಗೆ ಮೊಟ್ಟೆಯ ಖಾತೆಗೆ ಬಂದದ್ದು ಹೇಗೆ?

ಉತ್ತರ ಇರುವುದು ಕೋಳಿಯ ಆಹಾರದಲ್ಲಿ. ಫಾರಂ ಕೋಳಿಯ ಮುಖ್ಯ ತಿನಿಸು ಮೆಕ್ಕೆಜೋಳ ಮತ್ತು ಸೋಯಾ ಹಿಂಡಿ. ಜೋಳದ ಹೊಲಕ್ಕೆ ಸುರಿದ ಯೂರಿಯಾದ ಒಂದು ಪಾಲು ನೈಟ್ರಸ್ ಆಕ್ಸೈಡ್ ಆಗಿ ಗಾಳಿಗೆ ಸೇರುತ್ತದೆ. ತೂಕಕ್ಕೆ ತೂಕ ಹೋಲಿಸಿದರೆ ಇದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 273 ಪಟ್ಟು ಪ್ರಬಲ. ಗೊಬ್ಬರ ತಯಾರಿಕೆ, ಕಾಳು ಒಣಗಿಸುವುದು, ಸಾಗಣೆ ಎಲ್ಲವೂ ಇದಕ್ಕೆ ಸೇರುತ್ತವೆ. ಉಳಿದ ದೊಡ್ಡ ಪಾಲು ಹಿಕ್ಕೆಯದು. ಅದನ್ನು ನೀರು ಬೆರೆತ ಗುಂಡಿಯಲ್ಲಿ ಕೊಳೆಯಲು ಬಿಟ್ಟರೆ, ಅದರಲ್ಲೂ ಬಿಸಿ ಪ್ರದೇಶಗಳಲ್ಲಿ, ಮೀಥೇನ್ ಹೆಚ್ಚು, ಒಣಗಿಸಿಟ್ಟರೆ ಕಡಿಮೆ.

ದೇಶದಿಂದ ದೇಶಕ್ಕೆ ಅಂಕಿ ಬದಲಾಗುವುದು ಇಲ್ಲಿಯೇ. ಪಶ್ಚಿಮ ಯುರೋಪಿನ ಫಾರಂಗಳು ಬಹುಮಟ್ಟಿಗೆ ದಕ್ಷಿಣ ಅಮೆರಿಕದ ಸೋಯಾವನ್ನು ನಂಬಿವೆ. ಬ್ರೆಜಿಲ್‌ನಲ್ಲಿ ಕಾಡು ಕಡಿದು ಸೋಯಾ ಬಿತ್ತಿದರೆ, ಮರ ಮತ್ತು ಮಣ್ಣಿನಲ್ಲಿದ್ದ ಇಂಗಾಲವೂ ಯುರೋಪಿನ ಮೊಟ್ಟೆಯ ಲೆಕ್ಕಕ್ಕೇ ಬೀಳುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಕತೆ ಬೇರೆ. ಅಲ್ಲಿ 1960ಕ್ಕೆ ಹೋಲಿಸಿದರೆ 2010ರಲ್ಲಿ ಕಿಲೋ ಮೊಟ್ಟೆಯ ಹಿಂದಿನ ಅನಿಲ ಶೇ. 71ರಷ್ಟು ಇಳಿದಿತ್ತು ಎಂದು 2014ರ ಒಂದು ಅಧ್ಯಯನ ಹೇಳುತ್ತದೆ. ಕಡಿಮೆ ತಿಂದು ಹೆಚ್ಚು ಇಡುವ ತಳಿ, ಆಹಾರದ ಹದ, ಹಿಕ್ಕೆಯ ನಿರ್ವಹಣೆ ಇದಕ್ಕೆ ಕಾರಣಗಳು.

ಹಾಗಾದರೆ ತಿಪ್ಪೆ ಕೆದಕಿ ಬದುಕುವ ನಾಟಿ ಕೋಳಿಯೇ ಎಲ್ಲಕ್ಕಿಂತ ಶುದ್ಧವೇ? ಅದು ಹುಳು, ಚೆಲ್ಲಿದ ಕಾಳು, ಅಡುಗೆಮನೆಯ ಉಳಿಕೆ ತಿನ್ನುತ್ತದೆ. ಅದಕ್ಕಾಗಿ ಯಾರೂ ಕಾಡು ಕಡಿಯುವುದಿಲ್ಲ. ಆದರೆ ಅದು ವರ್ಷಕ್ಕೆ ಇಡುವ ಮೊಟ್ಟೆ ಫಾರಂ ಕೋಳಿಯ ಮುನ್ನೂರರ ಹತ್ತಿರಕ್ಕೂ ಬಾರದು. ನಡುವೆ ಕಾವು ಕೂರಬೇಕು, ಮರಿ ಸಾಕಬೇಕು. ರಾಣಿಖೇತ್ ರೋಗ ಬಂದರೆ ಹಿಂಡೇ ಹೋಗುತ್ತದೆ. ಇಡೀ ಹಿಂಡಿನ ಹಿಕ್ಕೆಯ ಅನಿಲವನ್ನು ಆ ಕೆಲವೇ ಮೊಟ್ಟೆಗಳಿಗೆ ಹಂಚಿದಾಗ ಕಿಲೋ ಲೆಕ್ಕ ಏರುತ್ತದೆ.

ಕಿಲೋ ಲೆಕ್ಕವೊಂದನ್ನೇ ನಂಬಿದರೆ ಇಕ್ಕಟ್ಟಾದ ಪಂಜರವೇ ಗೆಲ್ಲುತ್ತದೆ. ಓಡಾಡುವ ಕೋಳಿಗೆ ಹೆಚ್ಚು ಆಹಾರ ಬೇಕು. ಇದು ತಿಳಿದಿದ್ದೂ ಯುರೋಪಿಯನ್ ಒಕ್ಕೂಟ 2012ರಿಂದ ಹಳೆಯ ಮಾದರಿಯ ಬರಡು ಪಂಜರಗಳನ್ನು ನಿಷೇಧಿಸಿತು. ರೆಕ್ಕೆ ಬಿಚ್ಚಲೂ ಆಗದ ಬದುಕಿನ ಕ್ರೌರ್ಯವನ್ನು ಅನಿಲದ ತಕ್ಕಡಿ ತೂಗುವುದಿಲ್ಲ.

2023–24ರಲ್ಲಿ 14,000 ಕೋಟಿಗೂ ಹೆಚ್ಚು ಮೊಟ್ಟೆ ಉತ್ಪಾದಿಸಿದ ಭಾರತಕ್ಕೂ ಈ ಲೆಕ್ಕ ದೂರದ್ದಲ್ಲ. ದಾವಣಗೆರೆ, ಹಾವೇರಿಯ ಮೆಕ್ಕೆಜೋಳ, ಮಧ್ಯಪ್ರದೇಶ, ಮಹಾರಾಷ್ಟ್ರದ ಸೋಯಾ ಇಲ್ಲಿನ ಕೋಳಿಗಳನ್ನು ಸಾಕುತ್ತಿವೆ. ಆದರೆ 2021ರಲ್ಲಿ ಸೋಯಾ ಹಿಂಡಿಯ ಬೆಲೆ ಗಗನಕ್ಕೇರಿದಾಗ ಕೇಂದ್ರ ಸರ್ಕಾರ 12 ಲಕ್ಷ ಟನ್ ಆಮದಿಗೆ ಅನುಮತಿ ನೀಡಬೇಕಾಯಿತು. ಮೊಟ್ಟೆಯ ಬೇಡಿಕೆ ಬೆಳೆದಂತೆ ಹಿಂಡಿ ಯಾವ ನೆಲದಿಂದ ಬರುತ್ತದೆ ಎಂಬುದರ ಮೇಲೆ, ಇಲ್ಲಿನ ಮೊಟ್ಟೆಯ ಹಿಂದೆ ಎಲ್ಲಿಯ ಕಾಡು ಸುಡುತ್ತದೆ ಎಂಬುದೂ ತೀರ್ಮಾನವಾಗುತ್ತದೆ.