ಕಂಟ್ರೋಲ್ ಲೈನ್ ವಿಮಾನ: ತಂತಿ ಆರಿಸುವುದು ಹೇಗೆ? ಕಾಪಾಡುವುದು ಹೇಗೆ?

ಒಂದೂವರೆ ಕೆ.ಜಿ ತೂಕದ ಮಾದರಿ ವಿಮಾನ ಗಂಟೆಗೆ 90 ಕಿ.ಮೀ ವೇಗದಲ್ಲಿ ಸುತ್ತುತ್ತಿರುತ್ತದೆ. ಅದನ್ನು ಹಿಡಿದಿಟ್ಟಿರುವುದು ಅರ್ಧ ಮಿಲಿಮೀಟರ್ ದಪ್ಪವೂ ಇಲ್ಲದ ಎರಡು ಉಕ್ಕಿನ ತಂತಿಗಳು. ಅವು ತುಂಡಾದರೆ ವಿಮಾನ ನೋಡುಗರತ್ತಲೇ ನುಗ್ಗಬಹುದು. ಹಾಗಾಗಿ ಈ ಹವ್ಯಾಸದಲ್ಲಿ ಎಂಜಿನ್‌ಗಿಂತ ಮೊದಲು ಗಮನ ಕೊಡಬೇಕಾದದ್ದು ತಂತಿಗೆ.

ಏನಿದು ಕಂಟ್ರೋಲ್ ಲೈನ್?

ಇದರಲ್ಲಿ ರಿಮೋಟ್ ಇಲ್ಲ. ಹಾರಿಸುವವರು ಮೈದಾನದ ನಡುವೆ ಹಿಡಿಕೆ ಹಿಡಿದು ನಿಲ್ಲುತ್ತಾರೆ, ವಿಮಾನ ಅವರ ಸುತ್ತ ಹಾರುತ್ತದೆ. ಹಿಡಿಕೆಯ ಮೇಲಿನ ಮತ್ತು ಕೆಳಗಿನ ತುದಿಯಿಂದ ಹೊರಟ ತಂತಿಗಳು ವಿಮಾನದೊಳಗಿನ ಬೆಲ್‌ಕ್ರ್ಯಾಂಕ್ ಎಂಬ ಸಣ್ಣ ಸನ್ನೆಗೆ ಸೇರುತ್ತವೆ. ಹಿಡಿಕೆಯನ್ನು ವಾಲಿಸಿದರೆ ಬಾಲದಲ್ಲಿರುವ ಎಲಿವೇಟರ್ ತಿರುಗಿ ವಿಮಾನ ಏರುತ್ತದೆ ಅಥವಾ ಇಳಿಯುತ್ತದೆ. 1940ರ ದಶಕದಲ್ಲಿ ಅಮೆರಿಕದ ಜಿಮ್ ವಾಕರ್ ಈ ವಿಧಾನವನ್ನು ಜನಪ್ರಿಯಗೊಳಿಸಿದರು. ಭಾರತದಲ್ಲಿ ಎನ್‌ಸಿಸಿ ವಾಯು ವಿಭಾಗದ ಕೆಡೆಟ್‌ಗಳೂ ಇಂಥ ವಿಮಾನ ಹಾರಿಸುತ್ತಾರೆ.

ತಂತಿಯ ಮೇಲೆ ಎಷ್ಟು ಎಳೆತ?

ಮೇಲೆ ಹೇಳಿದ ವಿಮಾನ 20 ಮೀಟರ್ ಉದ್ದದ ತಂತಿಯಲ್ಲಿ ಸುಮಾರು 5 ಸೆಕೆಂಡಿಗೆ ಒಂದು ಸುತ್ತು ಹಾಕುತ್ತದೆ. ಆಗ ಕೈ ಮೇಲೆ ಬೀಳುವ ಎಳೆತ ಸುಮಾರು 4.8 ಕೆ.ಜಿ, ಅಂದರೆ ವಿಮಾನದ ತೂಕದ ಮೂರು ಪಟ್ಟಿಗೂ ಹೆಚ್ಚು. ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟಾಗುತ್ತದೆ. ಈ ಎಳೆತ ಎರಡೂ ತಂತಿಗಳಿಗೆ ಸದಾ ಸಮನಾಗಿ ಹಂಚಿಹೋಗುವುದಿಲ್ಲ.

ಯಾವ ತಂತಿ ಸೂಕ್ತ?

ಸಣ್ಣ ಎಳೆಗಳನ್ನು ಹೊಸೆದು ಮಾಡಿದ ಸ್ಟೇನ್‌ಲೆಸ್ ಸ್ಟೀಲ್ ತಂತಿ ಹೆಚ್ಚು ಬಳಕೆಯಲ್ಲಿದೆ. ಇದು ಸುಲಭವಾಗಿ ಬಾಗುತ್ತದೆ. ವಿಮಾನ ಲಾಗ ಹಾಕಿ ತಂತಿಗಳು ಒಂದಕ್ಕೊಂದು ಸುತ್ತಿಕೊಂಡರೂ ಜಾರುತ್ತಾ ಕೆಲಸ ಮಾಡುತ್ತವೆ. ಒಂಟಿ ಎಳೆಯ ಉಕ್ಕಿನ ತಂತಿಗೆ ಗಾಳಿಯ ತಡೆ ಕಡಿಮೆ, ಆದರೆ ಅದು ಬೇಗ ಮಡಿಕೆ ಬೀಳುತ್ತದೆ. 1 ಸಿಸಿಗಿಂತ ಚಿಕ್ಕ ಎಂಜಿನ್‌ನ ಹಗುರ ವಿಮಾನಗಳಿಗೆ ಡೇಕ್ರಾನ್, ಸ್ಪೆಕ್ಟ್ರಾದಂಥ ಕೃತಕ ನೂಲನ್ನೂ ಬಳಸುತ್ತಾರೆ.

ದಪ್ಪದ ವಿಷಯದಲ್ಲಿ ಸಾಮಾನ್ಯ ರೂಢಿ ಹೀಗಿದೆ:

* 2.5 ಸಿಸಿ ಎಂಜಿನ್: 0.30 ಮಿ.ಮೀ
* 6 ಸಿಸಿ ಆಸುಪಾಸು: 0.38 ಮಿ.ಮೀ
* 10 ಸಿಸಿ: 0.46 ಮಿ.ಮೀ

ದಪ್ಪ ತಂತಿ ಬಲವಾದದ್ದು ನಿಜ. ಆದರೆ ಅದರ ಭಾರ ಮತ್ತು ಗಾಳಿಯ ತಡೆಯೂ ಹೆಚ್ಚು. ಚಿಕ್ಕ ವಿಮಾನಕ್ಕೆ ಅದನ್ನು ಕಟ್ಟಿದರೆ ತಂತಿ ಜೋತುಬಿದ್ದು ಹಿಡಿತ ಸಡಿಲವಾಗುತ್ತದೆ. ಉದ್ದಕ್ಕೂ ಮಿತಿಯಿದೆ: ಅಂತರರಾಷ್ಟ್ರೀಯ ಏರೋಬ್ಯಾಟಿಕ್ಸ್ ಸ್ಪರ್ಧೆಗಳಲ್ಲಿ ಅದು 15ರಿಂದ 21.5 ಮೀಟರ್.

ತುದಿಯೇ ದುರ್ಬಲ ಜಾಗ

ತಂತಿ ನಡುವೆ ತುಂಡಾಗುವುದಕ್ಕಿಂತ ತುದಿಯ ಜೋಡಣೆಯಲ್ಲಿ ಕೈಕೊಡುವ ಸಾಧ್ಯತೆ ಹೆಚ್ಚು. ಉಕ್ಕಿನ ತಂತಿಗೆ ಗಾಳಿಪಟದ ದಾರದಂತೆ ಗಂಟು ಹಾಕುವಂತಿಲ್ಲ, ಗಂಟಿನಲ್ಲೇ ಅದು ಮುರಿಯುತ್ತದೆ. ತುದಿಯನ್ನು ಸಣ್ಣ ಲೋಹದ ಬಳೆಯ ಸುತ್ತ ಬಳಸಿ, ತೆಳು ತಾಮ್ರದ ತಂತಿಯಿಂದ ಬಿಗಿಯಾಗಿ ಸುತ್ತಬೇಕು. ಬೆಸುಗೆ ಹಾಕಿದರೆ ಬಿಸಿ ಮತ್ತು ಆಮ್ಲವಿರುವ ಫ್ಲಕ್ಸ್‌ನಿಂದ ಉಕ್ಕು ದುರ್ಬಲವಾಗಬಹುದು.

ನಿರ್ವಹಣೆ ಹೇಗೆ?

* ಹಾರಾಟ ಮುಗಿದ ಕೂಡಲೇ ತಂತಿಯನ್ನು ಅಗಲವಾದ ರೀಲ್‌ಗೆ ಸುತ್ತಿಡಿ. ಕೈಗೆ ಸುತ್ತಿಕೊಂಡರೆ ಮಡಿಕೆ ಬೀಳುತ್ತದೆ.
* ಎಂಜಿನ್ ಎಣ್ಣೆಗೆ ಧೂಳು ಅಂಟಿದರೆ ತಂತಿಗಳು ಸರಾಗವಾಗಿ ಜಾರುವುದಿಲ್ಲ. ಸ್ಪಿರಿಟ್‌ನಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿ.
* ಎರಡೂ ತಂತಿಗಳ ಉದ್ದ ಸಮನಾಗಿದೆಯೇ ಎಂದು ಆಗಾಗ ಅಳೆಯಿರಿ.
* ಒಂದೇ ಒಂದು ಎಳೆ ಬಿಟ್ಟಿದ್ದರೂ, ಮಡಿಕೆ ಅಥವಾ ತುಕ್ಕು ಕಂಡರೂ ಆ ತಂತಿಯನ್ನು ಮತ್ತೆ ಬಳಸಬೇಡಿ. ನೇರ ಮಾಡಿದರೂ ಹಳೆಯ ಬಲ ಬರುವುದಿಲ್ಲ.

ಹಾರಿಸುವ ಮುನ್ನ

ವಿಮಾನವನ್ನು ಒಬ್ಬರು ಹಿಡಿದುಕೊಂಡು, ಹಿಡಿಕೆಯಿಂದ ಎಳೆದು ಪರೀಕ್ಷಿಸಬೇಕು. ವಿಮಾನದ ತೂಕದ 10 ಪಟ್ಟು ಎಳೆತ ತಡೆಯಬೇಕೆಂಬುದು ರೂಢಿ. ಒಂದೂವರೆ ಕೆ.ಜಿ ವಿಮಾನಕ್ಕೆ ಇದು 15 ಕೆ.ಜಿ. ಸ್ಪ್ರಿಂಗ್ ತಕ್ಕಡಿ ಇದ್ದರೆ ಲೆಕ್ಕ ನಿಖರವಾಗಿ ಸಿಗುತ್ತದೆ. ಕೈ ಜಾರಿದರೂ ಹಿಡಿಕೆ ಹೋಗದಂತೆ ಮಣಿಕಟ್ಟಿಗೆ ಸುರಕ್ಷಾ ಪಟ್ಟಿ ಕಟ್ಟಿಕೊಳ್ಳುವುದು ಕಡ್ಡಾಯ.

ಕೊನೆಯದಾಗಿ, ಉಕ್ಕಿನ ತಂತಿಯಲ್ಲಿ ವಿದ್ಯುತ್ ಹರಿಯುತ್ತದೆ. ವಿದ್ಯುತ್ ಲೈನ್ ಹಾದುಹೋಗುವ ಮೈದಾನದಲ್ಲಿ, ಗುಡುಗು ಸಿಡಿಲಿನ ಸೂಚನೆ ಇರುವಾಗ ಹಾರಾಟ ಬೇಡವೇ ಬೇಡ.